ಮುಳ್ಳು ನೋಡುವ ಕೆಲಸ

ಮದುವೆಯಾಗಿ ಐದು ತಿಂಗಳಾದರೂ ನಾನೂ ನನ್ನ ಗಂಡನೂ ಇಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಸಿನಿಮಾಕ್ಕೆ ಹೊರಟರೆ ಅತ್ತೆ ಬರುತ್ತಿದ್ದರು. ಸಂತೆಗೆ ಹೊರಟರೆ ಅತ್ತೆಯ ಜೊತೆ ಅತ್ತೆಯ ಗೆಳತಿಯೂ ಬರುತ್ತಿದ್ದಳು. ಅತ್ತೆ ಕೆಟ್ಟವರೇನಲ್ಲ. ಗಂಡ ತೀರಿಕೊಂಡ ಮೇಲೆ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಅಂಡಿಗೆಯ ಮೂಟೆ ಹೊತ್ತು ಒಬ್ಬನೇ ಮಗನನ್ನು ಬೆಳೆಸಿದ ಹೆಂಗಸು. ಗಂಡಸರನ್ನು ಮೀರಿಸುವ ಎತ್ತರ, ಅದಕ್ಕೆ ತಕ್ಕ ಮೈಕಟ್ಟು, ಓಣಿಯ ಈ ತುದಿಯಿಂದ ಕೂಗಿದರೆ ಆ ತುದಿಯ ನಾಯಿ ಎದ್ದು ಕೂರುವಂಥ ಗಂಟಲು. ಮಗ ಇರುವಲ್ಲಿ ತಾನೂ ಇರಬೇಕು ಎಂಬುದು ಅವರಿಗೆ ರೂಢಿಯಾಗಿಬಿಟ್ಟಿತ್ತು, ಅಷ್ಟೆ. ಮನೆಗೆ ಇದ್ದದ್ದು ಒಂದೇ ಕೋಣೆ. ನಾನೂ ಗಂಡನೂ ನಾಲ್ಕು ಮಾತಾಡಬೇಕೆಂದರೆ ಕೊಡ ಹಿಡಿದು ನಲ್ಲಿಯ ಹತ್ತಿರ ಹೋಗಬೇಕಿತ್ತು. ಅಲ್ಲಿ ಇಡೀ ಓಣಿ ನಿಂತಿರುತ್ತಿತ್ತು.

ನಾನು ದೇವದುರ್ಗದವಳು. ನಮ್ಮ ಮನೆಯಲ್ಲಿ ಎಲ್ಲರೂ ಕೂಲಿ ಮಾಡಿದವರೇ. ಸಾಲಿ ಕಲಿತು ಸರ್ಕಾರಿ ಸಂಬಳ ಹಿಡಿದವಳು ನಾನೊಬ್ಬಳು. ರಾಯಚೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಕಲಿಸುತ್ತಿದ್ದೆ. ಗಂಡನದು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ತಗಡಿನ ಅಂಗಡಿ. ಡೈನಮೋ ಸುತ್ತುವುದು, ಹಾರ್ನ್ ರಿಪೇರಿ, ಲೈಟು ಉರಿಯದ ಲಾರಿಗೆ ಲೈಟು ಉರಿಸಿಕೊಡುವುದು, ಹೀಗೆ ಗಾಡಿಗಳ ಎಲೆಕ್ಟ್ರಿಕ್ ಕೆಲಸ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಕಾರುಗಳು ಎಷ್ಟು ಕಡಿಮೆ ಇದ್ದವೆಂದರೆ ಹಾರ್ನಿನ ದನಿ ಕೇಳಿಯೇ ಅದು ಯಾರ ಕಾರು ಎಂದು ಅವನು ಮನೆಯೊಳಗೆ ಕೂತು ಹೇಳುತ್ತಿದ್ದ.

ದಸರಾ ರಜೆಯ ಒಂದು ಮಧ್ಯಾಹ್ನ ಬುತ್ತಿ ಕೊಡಲು ಅಂಗಡಿಗೆ ಹೋದೆ. ಎದುರಿಗೆ ಬೆಣ್ಣೆ ಬಣ್ಣದ ಒಂದು ಕಾರು ನಿಂತಿತ್ತು. ಅದರ ಪಕ್ಕದಲ್ಲಿ ಮಾನ್ವಿಯ ಅಕ್ಕಿ ಸಾಹುಕಾರರೊಬ್ಬರು, ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ಅವರ ಡ್ರೈವರು. ಸಾಹುಕಾರರು ಎತ್ತಿನಂತೆ ತುಂಬಿದ ಆಳು, ಬಿಳಿ ಧೋತರ, ಬಾಯಿ ತುಂಬ ಎಲೆ ಅಡಿಕೆ. ಡ್ರೈವರು ನರಪೇತಲ ಮುದುಕ, ತಲೆಗೆ ಕೆಂಪು ರುಮಾಲು, ಕಣ್ಣು ನೆಲದ ಮೇಲೆ.

"ಪೆಟ್ರೋಲ್ ಮುಳ್ಳು ನೋಡಪಾ," ಎಂದು ಸಾಹುಕಾರರು ನನ್ನ ಗಂಡನಿಗೆ ಹೇಳುತ್ತಿದ್ದರು. "ಸಂಜಿಗಿ ಮನಿಗಿ ಬಂದು ಇಳಿಯೋ ಮುಂದ ಫುಲ್ ಇರ್ತದ. ಮುಂಜಾನಿ ಇಂವ ಗಾಡಿ ತಂದು ಬಾಗಲಾಗ ನಿಂದರಿಸಿದಾಗ ಬಗ್ಗಿ ನೋಡ್ತೀನಿ, ಅರ್ಧಕ್ಕ ಇರ್ತದ. ರಾತ್ರಿ ಕಾರೇನು ನೀರಡಿಸಿ ಪೆಟ್ರೋಲ್ ಕುಡೀತದೇನು? ಮುಳ್ಳು ಸುಳ್ಳು ಹೇಳಾಕತ್ತದೋ, ಈ ಮನಷ್ಯ ಸುಳ್ಳು ಹೇಳಾಕತ್ತಾನೋ, ಅದೊಂದು ನನಗ ಗೊತ್ತಾಗ್ಲಿ."

ಸಾಹುಕಾರರು ಬಸ್ಸು ಹಿಡಿಯಲು ಹೋದ ಮೇಲೆ ಡ್ರೈವರು ನಮ್ಮ ಅಂಗಡಿಯ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ. ಅದು ಹತ್ತಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡ.

"ನಂದು ಹಿರೇಕೊಟ್ನೆಕಲ್, ಯವ್ವಾ," ಎಂದ ನನಗೆ. "ಹನ್ನೆರಡು ವರ್ಸ ಮಂದಿ ಕುರಿ ಕಾಯ್ದೀನಿ. ತ್ವಾಳ ಒಯ್ದದ್ದಕ್ಕೂ ನಾನಾ ಜಬಾಬು ಕೊಟ್ಟೀನಿ. ಆಮ್ಯಾಲ ಲಾರಿ ಕಲ್ತು ಇಲ್ಲೀತನ ಬಂದೀನಿ. ಈಗ ಈ ವಯಸ್ಸಿನಾಗ ಪೆಟ್ರೋಲ್ ಕದ್ದು ಕುಡೀತೀನೇನು?"

ಅವನಿಗೆ ನಾನು ಗಂಡನ ಬುತ್ತಿಯಿಂದ ಒಂದು ರೊಟ್ಟಿ, ಪುಂಡಿಪಲ್ಯ ಕೊಟ್ಟೆ. ತಿಂದ. ಕಾರಿನ ಬಾನೆಟ್ಟನ್ನು ಕುರಿಯ ಬೆನ್ನು ಸವರಿದ ಹಾಗೆ ಒಮ್ಮೆ ಸವರಿ, ಊರಿಗೆ ಹೋಗುತ್ತೇನೆ, ಏನಾದರೂ ತಿಳಿದರೆ ಹೇಳಿ ಕಳಿಸಿ ಎಂದು ಹೊರಟುಬಿಟ್ಟ.

ಎರಡು ದಿನ ನನ್ನ ಗಂಡ ಆ ಕಾರಿನ ಒಳಗೇ ಇದ್ದ. ಸ್ಟೇರಿಂಗಿನ ಕೆಳಗೆ ಮಲಗಿ, ಕಾಲು ಹೊರಗೆ ಚಾಚಿ, ಹಲ್ಲಿನಲ್ಲಿ ವೈರು ಕಚ್ಚಿಕೊಂಡು. ಡ್ಯಾಶ್‌ಬೋರ್ಡು ಬಿಚ್ಚಿದ. ಬೇರೆ ಕಾರಿನ ಮೀಟರು ತಂದು ಕೂರಿಸಿ ನೋಡಿದ. ಮೀಟರುಗಳಿಗೆಲ್ಲ ಒಂದೇ ಸಮನೆ ಕರೆಂಟು ಕೊಡುವ ಪುಟ್ಟ ಡಬ್ಬಿಯನ್ನು ತೆಗೆದು ತಿಕ್ಕಿ ಹಾಕಿದ. ಅರ್ಥಿಂಗ್ ತಂತಿ ಕೂರುವ ಜಾಗವನ್ನು ಮರಳುಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿದ. ಮುಳ್ಳು ಮಾತ್ರ ಅರ್ಧಕ್ಕೆ ನಿಂತದ್ದು ಅರ್ಧಕ್ಕೇ ನಿಂತಿತ್ತು. ಟ್ಯಾಂಕಿನಲ್ಲಿ ಕಡ್ಡಿ ಇಳಿಸಿ ನೋಡಿದರೆ ಪೆಟ್ರೋಲೂ ಅರ್ಧವೇ. ಅಂದರೆ ಮುಳ್ಳು ಖರೇ ಹೇಳುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯದೆ ಹಾಗೇ ಕೂತಿದ್ದ.

"ಯಾಕ್ರೀ, ಉಣ್ಣವಲ್ಲಿರಿ?"

"ಗಾಡಿಗಿ ಏನೂ ಆಗಿಲ್ಲ ಅಂತ ನಾ ಹೇಳಿಬಿಟ್ರ ಆ ಮುದುಕ ಕಳ್ಳ ಅಂತ ನಾನಾ ಹೇಳಿದಂಗ ಆತು," ಎಂದ. "ನೋಡು, ಟ್ಯಾಂಕಿನಾಗ ಒಂದು ತೇಲೋ ಡಬ್ಬಿ ಇರ್ತದ. ಪೆಟ್ರೋಲ್ ಎಷ್ಟದ ಅನ್ನೋದನ್ನ ಅದು ಒಂದು ವೈರಿನ ಮ್ಯಾಲ ಮುಂದಿನ ಮುಳ್ಳಿಗಿ ಹೇಳಿ ಕಳಸ್ತದ. ತಲೀನೂ ಛಲೋ ಅದ, ಬಾಲಾನೂ ಛಲೋ ಅದ. ನಡು ದಾರಿಯಾಗ ಎಲ್ಲೋ ಆ ವೈರು ಕಾರಿನ ಮೈಗಿ ತಾಗಾಕತ್ತದ. ಹಂಗ ತಾಗಿದ್ರ ಟ್ಯಾಂಕ್ ಫುಲ್ ಆಗ್ಯಾದ ಅಂತ ಮುಳ್ಳು ತಿಳ್ಕೊಂತದ. ಆದರ ನಿಂತಾಗ ತಾಗವಲ್ತು. ಓಡುವಾಗ ನೋಡಬೇಕು. ನಾ ಗಾಡಿ ಹೊಡೀಲೋ, ಮುಳ್ಳು ನೋಡಲೋ?"

ಇದನ್ನು ಹೇಳಿ ಅವನು ನನ್ನ ಕಡೆ ನೋಡಿದ. ನಾನೂ ಅವನ ಕಡೆ ನೋಡಿದೆ. ಇಬ್ಬರ ತಲೆಯಲ್ಲೂ ಒಂದೇ ಸಲಕ್ಕೆ ಒಂದೇ ವಿಚಾರ ಬಂದಿತ್ತು. ನನಗೆ ನಗು ತಡೆಯಲಾಗದೆ ನೀರು ಕುಡಿಯುವ ನೆಪ ಮಾಡಿದೆ. ನೀರು ನೆತ್ತಿಗೇರಿತು.

"ಯವ್ವಾ," ಎಂದ ಅವನು ತಾಯಿಗೆ, ಬಹಳ ಗಂಭೀರವಾಗಿ. "ನಾಳಿ ಇಕಿನ್ನ ಕರ್ಕೊಂಡು ಹೋಗ್ತೀನಿ. ಮುಳ್ಳು ನೋಡಾಕ ಒಬ್ಬರು ಬೇಕು."

"ಮುಳ್ಳು ನೋಡಾಕ ಅಂಗಡಿ ಹುಡುಗರಿಲ್ಲೇನು?"

"ಇದು ಓದಿ ಹೇಳೋ ಕೆಲಸ ಬೇ. ಓದಿದವರೇ ಬೇಕು."

ಮುಳ್ಳಿನ ಡಬ್ಬಿಯ ಮೇಲೆ ಬರೆದಿದ್ದದ್ದು ಎರಡೇ ಅಕ್ಷರ, ಇ, ಎಫ್. ಆದರೆ ಅತ್ತೆ ಅದನ್ನು ಕಂಡಿರಲಿಲ್ಲ.

ಮರುದಿನ ಮುಂಜಾನೆ ನಾವಿಬ್ಬರೂ ಮಾನ್ವಿ ರಸ್ತೆ ಹಿಡಿದೆವು. ಮುಂದಿನ ಸೀಟಿನಲ್ಲಿ ನಾನು, ಮದುವೆಯ ಸೀರೆ ಉಟ್ಟು. ಮುಳ್ಳು ನೋಡಲು ರೇಶ್ಮೆ ಸೀರೆ ಯಾಕೆ ಎಂದು ಅತ್ತೆ ಕೇಳಿದ್ದರು. ನಾನು ಉತ್ತರ ಕೊಡುವ ಮೊದಲೇ ಅವನು ಗಾಡಿ ಬಿಟ್ಟಿದ್ದ. ಊರು ದಾಟಿದ ಮೇಲೆ ಅವನು ಸುಮ್ಮನೆ ಒಮ್ಮೆ ಹಾರ್ನ್ ಹೊಡೆದ. ರಸ್ತೆಯಲ್ಲಿ ಒಂದು ಕೊಕ್ಕರೆಯೂ ಇರಲಿಲ್ಲ.

"ಯಾಕ ಹೊಡದ್ರಿ?"

"ಖುಷಿಗಿ," ಎಂದ.

ಅಲ್ಲಿಂದ ನಗು ಶುರುವಾದದ್ದು ನಿಲ್ಲಲೇ ಇಲ್ಲ. "ಮುಳ್ಳು?" ಎಂದು ಅವನು ಕೇಳುವುದು, "ಅರ್ಧ" ಎಂದು ನಾನು ಹೇಳುವುದು, ಅದಕ್ಕೂ ನಗು. ಎತ್ತಿನ ಬಂಡಿಯೊಂದು ಅಡ್ಡ ಬಂತು, ಅದಕ್ಕೂ ನಗು. ಅವನು ಚಿಕ್ಕವನಿದ್ದಾಗ ಟಾರ್ಚಿನ ಬಲ್ಬನ್ನು ಬಾಯಲ್ಲಿಟ್ಟುಕೊಂಡು ಹೊಟ್ಟೆಯೊಳಗಿಂದ ಬೆಳಕು ಬರುತ್ತದೆಯೇ ಎಂದು ಕನ್ನಡಿಯಲ್ಲಿ ನೋಡಿದ್ದನಂತೆ. ನಾನು ಅವನ ಹೆಂಡತಿಯಾಗಿ ಐದು ತಿಂಗಳಾಗಿತ್ತು. ಇಂಥ ಒಂದು ಸಂಗತಿಯೂ ನನಗೆ ಗೊತ್ತಿರಲಿಲ್ಲ. ಕಲ್ಲೂರಿನಲ್ಲಿ ಗಾಡಿ ನಿಲ್ಲಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅವನು ಒರೆಸಲು ಹೋಗಿ ಗ್ರೀಸಿನ ಕೈಯಿಂದ ನನ್ನ ಗಲ್ಲದ ಮೇಲೆ ಕಪ್ಪು ಗೆರೆ ಎಳೆದ. ಹೋಟೆಲಿನವನು ಆ ಕಡೆ ಮುಖ ತಿರುಗಿಸಿ ನಕ್ಕ.

ದಾರಿಯಲ್ಲಿ ಕಂಡ ತಗ್ಗುಗಳಲ್ಲೆಲ್ಲ ಬೇಕೆಂದೇ ಗಾಡಿ ಇಳಿಸಿದ. ಪೆಟ್ರೋಲ್ ತೀರಿದಂತೆ ಮುಳ್ಳು ಇಳಿಯಿತೇ ಹೊರತು ಒಮ್ಮೆಯೂ ಮೇಲಕ್ಕೆ ಹಾರಲಿಲ್ಲ; ಮರಳುವಾಗ ಕಾಲು ಟ್ಯಾಂಕಿಗಿಂತ ಕೆಳಗಿತ್ತು. ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು.

"ಸಿಕ್ತೇನು?"

"ಇಲ್ಲ ಬೇ. ನಾಳಿ ಮತ್ತ ಹೋಗಬೇಕು," ಎಂದ. ಆ ದನಿಯಲ್ಲಿ ಬೇಸರ ಇರಬೇಕಿತ್ತು, ಇರಲಿಲ್ಲ.

ಅತ್ತೆ ನನ್ನ ಗಲ್ಲದ ಮೇಲಿನ ಕಪ್ಪು ಗೆರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನಾಳಿ ಯಾ ಕಡಿ?" ಎಂದರು.

"ದೇವದುರ್ಗದ ಕಡಿ. ಆ ರಸ್ತೆ ಭಾಳ ಕೆಟ್ಟದ. ಅಲ್ಲಿ ಕುಲುಕಿದ್ರ ಸಿಗಬಹುದು."

"ಹಂಗಾದ್ರ ನಾನೂ ಬರ್ತೀನಿ. ಗಬ್ಬೂರಾಗ ನಮ್ಮಕ್ಕ ಇದ್ದಾಳ. ಕಾರಿನ್ಯಾಗ ಹೋಗಿ ಇಳದ್ರ ಅಕಿ ಹೊಟ್ಟಿ ಉರ್ಕೋಬೇಕು."

ನಮ್ಮಿಬ್ಬರ ಮುಖ ಏನಾಗಿತ್ತೋ ಗೊತ್ತಿಲ್ಲ. ಅತ್ತೆ ಮಾತ್ರ ಆಗಲೇ ಟ್ರಂಕು ತೆಗೆದು ಸೀರೆ ಹುಡುಕತೊಡಗಿದ್ದರು.

ಆವತ್ತೇ ಸಾಹುಕಾರರ ಕಡೆಯವನೊಬ್ಬ ಅಂಗಡಿಗೆ ಬಂದು, ಗಾಡಿ ಓಡಿಸಿ ನೋಡಲು ಪೆಟ್ರೋಲ್ ಬೇಕಾದರೆ ನಾವು ಹಾಕಿಸುತ್ತೇವೆ ಎಂದು ಹೇಳಿ ಹೋಗಿದ್ದ. ಮುಂಜಾನೆ ಅತ್ತೆ ನಮಗಿಂತ ಮೊದಲೇ ಹೋಗಿ ಹಿಂದಿನ ಸೀಟಿನ ಎಡಗಡೆ, ಕಿಟಕಿಯ ಪಕ್ಕ ಕೂತುಬಿಟ್ಟಿದ್ದರು. ಗಂಡ ಕೀಲಿ ತಿರುವಿದ. ಮುಳ್ಳು ಮೆಲ್ಲಗೆ ಏಳುತ್ತಾ ಏಳುತ್ತಾ ಕೊನೆಯ ಗೆರೆ ಮುಟ್ಟಿತು.

"ಫುಲ್ ಅದರೀ," ಎಂದೆ.

"ಸಾಹುಕಾರ್ರು ಹೊಟ್ಟಿ ತುಂಬ ಹಾಕಿಸ್ಯಾರ ನೋಡು. ದೊಡ್ಡ ಮನಸಿನ ಮನಷ್ಯ," ಎಂದ ಗಂಡ.

ದೊಡ್ಡ ಮನಸ್ಸಿನ ಮನುಷ್ಯ ಒಂದು ಹನಿಯನ್ನೂ ಹಾಕಿಸಿರಲಿಲ್ಲ. ಅದನ್ನು ಕಡ್ಡಿ ಇಳಿಸಿ ನೋಡುವಷ್ಟು ತಾಳ್ಮೆ ನಮಗಿಬ್ಬರಿಗೂ ಇರಲಿಲ್ಲ.

ಆ ಪ್ರಯಾಣ ಮೊದಲ ದಿನದಂತಿರುವುದಿಲ್ಲ ಎಂದುಕೊಂಡಿದ್ದೆ. ಖರೇ ಹೇಳಬೇಕೆಂದರೆ ಅದಕ್ಕಿಂತ ಜೋರಾಗಿತ್ತು. ಅತ್ತೆ ಹುಟ್ಟಿ ಮೊದಲ ಸಲ ಕಾರಿನಲ್ಲಿ ಕೂತಿದ್ದರು. ಕಿಟಕಿಯಿಂದ ಕೈ ಹೊರಗಿಟ್ಟು ಕಂಡ ಕಂಡವರನ್ನೆಲ್ಲ ಮಾತಾಡಿಸಿದರು. ಹತ್ತಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರಿಗೆ, "ಏ, ಆರಾಮ ಇದ್ದೀರೇನಬೇ?" ಎಂದು ಕೂಗಿದರು. ಅವರು ಯಾರೋ ನೆಂಟರಿರಬೇಕೆಂದು ತಿಳಿದು ಕೈಯಲ್ಲಿದ್ದ ಕುರ್ಪಿ ಎತ್ತಿ ತೋರಿಸಿ ಊಟಕ್ಕೆ ಕರೆದರು. ಗಬ್ಬೂರಿನಲ್ಲಿ ಅತ್ತೆಯ ಅಕ್ಕನ ಮನೆಯ ಮುಂದೆ ಗಾಡಿ ನಿಲ್ಲಿಸಿದರೆ ಬಾಗಿಲಿಗೆ ಕೀಲಿ ಹಾಕಿತ್ತು. ದೇವದುರ್ಗದ ಸಂತೆಗೆ ಹೋಗಿದ್ದಾಳೆ ಎಂದು ಪಕ್ಕದ ಮನೆಯವರು ಹೇಳಿದರು. ಹೊಟ್ಟೆ ಉರಿದುಕೊಳ್ಳುವವಳೇ ಇಲ್ಲದ ಮೇಲೆ ಕಾರಿನಿಂದ ಇಳಿದೇನು ಪ್ರಯೋಜನ! ಅತ್ತೆ ಇಳಿಯಲೇ ಇಲ್ಲ.

"ನಡಿ, ಸಂತಿಗೇ ಹೋಗೂಣು. ಅಲ್ಲೇ ತೋರಸ್ತೀನಿ," ಎಂದರು.

ಗಬ್ಬೂರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಗಾಡಿ ಒಮ್ಮೆ ಕೆಮ್ಮಿತು, ಎರಡು ಸಲ ಮುಗ್ಗರಿಸಿತು, ನಿಂತಿತು.

ಗಂಡ ಬಾನೆಟ್ ಎತ್ತಿದ. ಕರೆಂಟು ಇದೆ. ಪ್ಲಗ್ಗಿನಲ್ಲಿ ಕಿಡಿ ಇದೆ. "ಪೆಟ್ರೋಲ್?" ಎಂದು ಕೇಳಿದ.

"ಫುಲ್ರೀ."

ಮತ್ತೆ ಬಗ್ಗಿ ಅದನ್ನು ಬಿಚ್ಚಿದ, ಇದನ್ನು ಊದಿದ. ಕೊನೆಗೆ, ತಳ್ಳಿ ನೋಡೋಣ, ಹತ್ತಿದರೂ ಹತ್ತಿಕೊಳ್ಳಬಹುದು ಎಂದ. ನನ್ನನ್ನು ಸ್ಟೇರಿಂಗಿಗೆ ಕೂರಿಸಿ, ನೆಟ್ಟಗೆ ಹಿಡಿ, ಕೀಲಿ ತಿರುವೇ ಇರಲಿ ಎಂದು ಹೇಳಿ ಹಿಂದೆ ಹೋದ. ತಳ್ಳಿದ. ಗಾಡಿ ಅಲ್ಲಾಡಲಿಲ್ಲ.

"ಸರಿ ಅತ್ಲಾಗ," ಎನ್ನುತ್ತಾ ಅತ್ತೆ ಬಾಗಿಲು ತೆರೆದು ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಅಂಗೈ ಡಿಕ್ಕಿಯ ಮೇಲೆ ಊರಿದರು. ಹತ್ತಿ ಅಂಡಿಗೆ ಹೊತ್ತ ಭುಜಗಳು ಅವು. ಕಾರು ಎತ್ತಿನ ಹಾಗೆ ಓಡಿತು. ದೇವದುರ್ಗದ ಬಸ್ಸೊಂದು ಪಕ್ಕದಲ್ಲೇ ಹಾದುಹೋಯಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, "ಹಾಕ್ರಿ ಯವ್ವಾ, ಹಾಕ್ರಿ! ನಮ್ಮ ಬಸ್ಸಿಗೂ ಸ್ವಲ್ಪ ಹಚ್ಚ್ರಿ!" ಎಂದು ಕೂಗಿದ. ಅತ್ತೆ ತಳ್ಳುತ್ತಲೇ ಅವನಿಗೆ ಬೈದ ಬೈಗುಳವನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾನು ಸ್ಟೇರಿಂಗ್ ಹಿಡಿದು ಕಿರಚುತ್ತಿದ್ದೆ. ಅದು ಹೆದರಿಕೆಗೋ ಖುಷಿಗೋ ನನಗೇ ತಿಳಿಯಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಕಾರು ಓಡಿಸುತ್ತಿದ್ದವಳು ನಾನೇ ತಾನೆ!

ಆಗ ಮುಳ್ಳಿನ ಕಡೆ ಕಣ್ಣು ಹೋಯಿತು. ನನ್ನ ಕೆಲಸವೇ ಅದಾಗಿತ್ತಲ್ಲ. ಫುಲ್ಲಿಗೆ ಅಂಟಿಕೊಂಡಿದ್ದ ಮುಳ್ಳು ಮೆಲ್ಲಗೆ ಜಾರುತ್ತಿತ್ತು. ಮುಕ್ಕಾಲು, ಅರ್ಧ, ಕಾಲು. ಕೆಳಗಿನ ಗೆರೆ ಮುಟ್ಟಿ ಮಲಗಿತು.

"ರೀ! ಮುಳ್ಳು ಬಿತ್ತು!"

"ಎಲ್ಲಿ ಬಿತ್ತು? ಆರ್ಸ್ಕೋ!" ಎಂದು ಹಿಂದಿನಿಂದ ಅತ್ತೆ ಕೂಗಿದರು.

ಗಂಡ ಓಡಿ ಬಂದು ಕಿಟಕಿಯೊಳಗೆ ತಲೆ ಹಾಕಿದ. ಮುಳ್ಳನ್ನು ನೋಡಿದ. ಓಡಿ ಹೋಗಿ ಟ್ಯಾಂಕಿಗೆ ಕಡ್ಡಿ ಇಳಿಸಿದ. ಕಡ್ಡಿ ಒಣಗಿತ್ತು. ಅಷ್ಟರಲ್ಲಿ ಅತ್ತೆ, "ಯಪ್ಪಾ, ದಣುವಾತು," ಎಂದು ಸೀಟಿನ ಮೇಲೆ ಧೊಪ್ಪನೆ ಕೂತರು. ನಾನು ನೋಡುತ್ತಲೇ ಇದ್ದೆ. ಮುಳ್ಳು ಎಚ್ಚರಾದಂತೆ ಅಲುಗಿ ಏಳತೊಡಗಿತು. ಕಾಲು. ಅರ್ಧ. ಮುಕ್ಕಾಲು.

"ರೀ, ಏಳಾಕತ್ತದ!"

"ಯವ್ವಾ, ಇಳಿ," ಎಂದ ಗಂಡ.

"ಈಗರೆ ಕುಂತೀನಿ."

"ಇಳಿಯಬೇ, ನಿನ್ನ ಕಾಲು ಬೀಳ್ತೀನಿ!"

ಇಳಿದರು. ಮುಳ್ಳು ಇಳಿಯಿತು. ಕೂತರು. ಮುಳ್ಳು ಎದ್ದಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗಂಡ ನಡುರಸ್ತೆಯಲ್ಲಿ ತಲೆಯ ಮೇಲೆ ಎರಡೂ ಕೈ ಹೊತ್ತು ನಿಂತು, "ನಮ್ಮವ್ವ ಕುಂತ್ರ ಟ್ಯಾಂಕ್ ತುಂಬತದ!" ಎಂದು ಕೂಗಿ ಕುಣಿದೇಬಿಟ್ಟ. ನಾನು ನಕ್ಕು ನಕ್ಕು ಸ್ಟೇರಿಂಗಿನ ಮೇಲೆ ಬಿದ್ದೆ. ಹಾರ್ನು ಒಂದೇ ಸಮನೆ ಹೊಡೆದುಕೊಂಡಿತು.

ಹಾರ್ನಿನ ಸದ್ದಿಗೆ ಪಕ್ಕದ ಬೀಳಿನಿಂದ ಕುರಿ ಕಾಯುವ ಇಬ್ಬರು ಬಂದರು. ಒಬ್ಬ ಮುದುಕ, ಒಬ್ಬ ಅವನ ಅಳಿಯ. ಏನಾಗಿದೆ ಎಂದು ಕೇಳಿದರು. ಗಂಡ ಹೇಳಿದ. ಅವರಿಗೆ ನಂಬಿಕೆ ಬರಲಿಲ್ಲ. ಮುದುಕ ತಾನೇ ಅತ್ತೆಯ ಜಾಗದಲ್ಲಿ ಕೂತು ನೋಡಿದ. ಕಂಬಳಿ ಸಮೇತ ಕೂತರೂ ಮುಳ್ಳು ಕದಲಲಿಲ್ಲ. ಅಳಿಯನೂ ಪಕ್ಕದಲ್ಲಿ ಒತ್ತಿಕೊಂಡು ಕೂತ. ಎದ್ದಿತು! ಬಲಗಡೆ ಇಬ್ಬರೂ ಕೂತರು. ಏಳಲಿಲ್ಲ. ಎಡಗಡೆ ಮುದುಕನ ತೊಡೆಯ ಮೇಲೆ ಒಂದು ಟಗರನ್ನು ಎತ್ತಿ ಕೂರಿಸಿದರು. ಎದ್ದಿತು! ಒಂದೊಂದು ಸಲ ಎದ್ದಾಗಲೂ ನಾನು "ಫುಲ್!" ಎಂದು ಕೂಗುವುದು, ಎಲ್ಲರೂ ಹೋ ಎನ್ನುವುದು. ಟಗರು ಗಾಬರಿಯಾಗಿ ಸಾಹುಕಾರರ ಸೀಟಿನ ಮೇಲೆ ಹಿಕ್ಕೆ ಹಾಕಿತು. ಅದಕ್ಕೂ ಎಲ್ಲರೂ ಹೋ ಎಂದರು.

ಆಮೇಲೆ ಗಂಡ ಹಿಂದಿನ ಸೀಟನ್ನು ಕಿತ್ತು ಮೇಲೆತ್ತಿದ. ಸೀಟಿಗೆ ಹೊಸದಾಗಿ ಸ್ಪ್ರಿಂಗ್ ಹಾಕಿಸಿದ್ದರು. ಅದರಲ್ಲೊಂದು ಸ್ಪ್ರಿಂಗಿನ ತುದಿ ಕೆಳಗಿನ ವೈರಿನ ಮೇಲಿನ ರಬ್ಬರನ್ನು ಇಲಿ ಕಡಿದಂತೆ ಕಡಿದಿತ್ತು. ಒಳಗಿನ ತಾಮ್ರ ಮಿಣಿಮಿಣಿ ಕಾಣುತ್ತಿತ್ತು. ಅಲ್ಲಿ ಭಾರ ಬಿದ್ದರೆ ಸ್ಪ್ರಿಂಗು ತಾಮ್ರಕ್ಕೆ ತಾಗುತ್ತದೆ, ಎದ್ದರೆ ಬಿಡುತ್ತದೆ. ಸಾಹುಕಾರರು ಕೂರುವುದು ಯಾವಾಗಲೂ ಅದೇ ಎಡ ಮೂಲೆಯಲ್ಲಿ. ಸಂಜೆ ಅವರು ಕೂತೇ ನೋಡುತ್ತಾರೆ, ಮುಳ್ಳು ಫುಲ್. ಮುಂಜಾನೆ ನಿಂತು ಬಗ್ಗಿ ನೋಡುತ್ತಾರೆ, ಇದ್ದಷ್ಟು. ಡ್ರೈವರು ಒಬ್ಬನೇ ಇದ್ದಾಗ ಖರೇ ಹೇಳುವ ಮುಳ್ಳು ಧಣಿ ಕೂತ ಕೂಡಲೇ ಸುಳ್ಳು ಹೇಳುತ್ತಿತ್ತು. ಅಂಗಡಿಯಲ್ಲಿ ಎರಡು ದಿನ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದರು? ಕಲ್ಲೂರಿಗೆ ಹೋದ ದಿನ ನಮ್ಮ ಹಿಂದೆ ಯಾರಿದ್ದರು?

"ಈಗ ಟೇಪ್ ಸುತ್ತಿಬಿಡ್ರಿ," ಎಂದೆ.

"ಬ್ಯಾಡ," ಎಂದ ಅವನು. "ಸಾಹುಕಾರ್ರು ಕಣ್ಣಿಲೆ ನೋಡ್ಲಿ. ಬರೇ ಮಾತಿಲೆ ಹೇಳಿದ್ರ, ಡ್ರೈವರನ ಕಡಿಯಾಂವ ಅಂತ ನನಗೂ ಅಂತಾರ."

ಅವನು ಡಬ್ಬಿ ಹಿಡಿದು ಪೆಟ್ರೋಲ್ ತರಲು ಮುಂದಿನ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದ. ನಾನೂ ಅತ್ತೆಯೂ ಬೇವಿನ ಗಿಡದ ನೆರಳಲ್ಲಿ ಕೂತೆವು. ಕುರಿಯವರು ಹಾಲು ಕೊಟ್ಟರು. ಅತ್ತೆ ಹಾಲಿನ ಬಟ್ಟಲು ತಿರುಗಿಸುತ್ತಾ, "ನಾ ಬರಬಾರದಿತ್ತೇನಬೇ? ನಿಮ್ಮಿಬ್ಬರ ನಡುವ ಬಂದೆನೇನು?" ಎಂದರು.

ಅವರ ಬಾಯಿಂದ ಆ ಮಾತು ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವರ ಕೈ ಹಿಡಿದೆ. "ನೀವು ಬರದಿದ್ರ ನಾವು ಇಬ್ಬರೂ ವರ್ಸಾನಗಟ್ಲೆ ಮುಳ್ಳು ನೋಡ್ಕೋತ ತಿರಗತಿದ್ವಿ, ಆ ಮುದುಕ ಕಳ್ಳ ಆಗೇ ಸಾಯ್ತಿದ್ದ," ಎಂದೆ.

"ಅಂದ್ರ ನನ್ನ ತೂಕದ ಉಪಕಾರ," ಎಂದರು ಅತ್ತೆ. ತಡೆದಷ್ಟೂ ನಗು ಉಕ್ಕಿತು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. ಕುರಿಗಳು ಮೇಯುವುದನ್ನು ಬಿಟ್ಟು ನೋಡಿದವು.

ಪೆಟ್ರೋಲ್ ಬಂತು. ದೇವದುರ್ಗದಲ್ಲಿ ನನ್ನ ತವರಿನ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ನಿಂತ ನಿಲುವಿನಲ್ಲೇ ಚಹಾ ಕುಡಿದೆವು. ಕಾರು ಯಾರದೆಂದು ಅಪ್ಪ ಕೇಳಿದ. "ನಮ್ಮದಾ ಅನ್ರಿ, ಇವತ್ತೊಂದು ದಿನ," ಎಂದರು ಅತ್ತೆ. ಸಂತೆಯಲ್ಲಿ ಅಕ್ಕನೂ ಸಿಕ್ಕಳು. ಅವಳು ನಿಜಕ್ಕೂ ಹೊಟ್ಟೆ ಉರಿದುಕೊಂಡಳೋ ಇಲ್ಲವೋ ಕಾಣೆ, ಅತ್ತೆಗಂತೂ ಸಮಾಧಾನವಾಯಿತು. ಅಲ್ಲಿಂದ ಸಿರವಾರದ ಮೇಲೆ ಹಾಯ್ದು ಮಾನ್ವಿ ಮುಟ್ಟುವಾಗ ಮಧ್ಯಾಹ್ನದ ಮೂರಾಗಿತ್ತು.

ಸಾಹುಕಾರರು ಅಕ್ಕಿ ಚೀಲಗಳ ನಡುವೆ ಕೂತಿದ್ದರು. ಗಂಡ ಅವರಿಗೆ ಏನನ್ನೂ ವಿವರಿಸಲಿಲ್ಲ. "ಧಣೇರ, ಮುಂದ ನಿಂತು ಮುಳ್ಳು ನೋಡ್ರಿ," ಎಂದ. ನೋಡಿದರು. ಕಾಲು ಟ್ಯಾಂಕು. "ಈಗ ನಿಮ್ಮ ಜಾಗದಾಗ ಕುಂದರ್ರಿ." ಕೂತರು. ಕುತ್ತಿಗೆ ಚಾಚಿ ಮುಂದೆ ನೋಡಿದರು. ಮುಳ್ಳು ಅವರ ಕಣ್ಣೆದುರೇ ಸಾವಕಾಶವಾಗಿ ಏರಿ ಫುಲ್ಲಿಗೆ ನಿಂತಿತು.

ಸಾಹುಕಾರರು ಎದ್ದರು. ಮತ್ತೆ ಕೂತರು. ಅಂಗಡಿಯ ಹಮಾಲರೆಲ್ಲ ಬಂದು ಸುತ್ತ ನಿಂತರು. ಸಾಹುಕಾರರು ಇನ್ನೊಮ್ಮೆ ಎದ್ದು ಕೂರುವಾಗ ಹಮಾಲನೊಬ್ಬ ಕಿಸಕ್ಕನೆ ನಕ್ಕ. ಸಾಹುಕಾರರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗುಳಿ ಬಂದು, ಗಂಡ ಎತ್ತಿ ತೋರಿಸಿದ ಸೀಟಿನ ಕೆಳಗಿನ ವೈರನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಮಂದಿ ಮುಂದ ಅವನಿಗಿ ಕಳ್ಳ ಅಂದೀನಿ," ಎಂದರು ಸಣ್ಣ ದನಿಯಲ್ಲಿ.

"ಹಂಗಾರ ಮಂದಿ ಮುಂದನಾ ಅಲ್ಲ ಅನ್ರಿ," ಎಂದರು ನಮ್ಮ ಅತ್ತೆ. ಸಾಹುಕಾರರಿಗೆ ಹಾಗೆ ಹೇಳುವ ಧೈರ್ಯ ಅಲ್ಲಿ ಬೇರೆ ಯಾರಿಗೂ ಇರಲಿಲ್ಲ. "ಗಾಡಿ ಇಲ್ಲೇ ಅದ. ನಡ್ರಿ, ಅವನ ಊರಿಗಿ ಹೋಗೂಣು."

ಗಂಡ ವೈರಿಗೆ ಟೇಪು ಸುತ್ತಿದ. ಅದರ ಮೇಲೆ ಸೈಕಲ್ ಟ್ಯೂಬಿನ ತುಂಡು ತೊಡಿಸಿ, ಸ್ಪ್ರಿಂಗಿನ ತುದಿಯನ್ನು ಇಕ್ಕಳದಿಂದ ಬಗ್ಗಿಸಿದ. ಸಾಹುಕಾರರನ್ನೂ ಅತ್ತೆಯನ್ನೂ ಹಿಂದೆ ಕೂರಿಸಿಕೊಂಡು ಹಿರೇಕೊಟ್ನೆಕಲ್ಲಿಗೆ ಹೋದೆವು. ಎಡಕ್ಕೆ ಬಲಕ್ಕೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಮುಳ್ಳು ಕಾಲು ಟ್ಯಾಂಕಿಗೇ ನಿಂತಿತ್ತು. ಇಬ್ಬರ ಭಾರಕ್ಕೂ ಜಗ್ಗಲಿಲ್ಲ.

ಡ್ರೈವರು ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ. ಕಾರು ಕಂಡು ಹೊರಗೆ ಬಂದವನು ಧಣಿಯನ್ನು ಕಂಡು ಅಲ್ಲೇ ನಿಂತ. ಊರ ಮಂದಿ ಕೂಡಿತು. ಸಾಹುಕಾರರು ಇಳಿದು, ರುಮಾಲಿನಿಂದ ಮುಖ ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಂದು ತಪ್ಪಾತಪಾ. ವೈರು ಕಡದಿತ್ತು. ನೀ ಕದ್ದಿಲ್ಲ."

ಡ್ರೈವರು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಹೊರಗೆ ಬಂದಳು. ಗುಬ್ಬಿಯಂಥ ಮುದುಕಿ. "ನಾಕು ದಿನ ಉಂಡಿಲ್ರೀ ಈ ಮನಷ್ಯ," ಎಂದಳು. "ತಪ್ಪಾತು ಅಂದ್ರ ಹೊಟ್ಟಿ ತುಂಬತದೇನು? ಒಳಗ ಬರ್ರಿ. ಇವನ ಸಂಗಾಟ ನೆಲದ ಮ್ಯಾಲ ಕುಂತು ಉಣ್ರಿ. ಆವಾಗ ನಂಬತೀನಿ."

ಸಾಹುಕಾರರು ಚಪ್ಪಲಿ ಬಿಟ್ಟು ಒಳಗೆ ಹೋದರು. ಧೋತರ ಮಡಚಿ ಡ್ರೈವರನ ಪಕ್ಕದಲ್ಲೇ ನೆಲಕ್ಕೆ ಕೂತರು. ರೊಟ್ಟಿ, ಗುರೆಳ್ಳು ಚಟ್ನಿ, ಎಮ್ಮೆಯ ಮೊಸರು. ಮೊದಮೊದಲು ಇಬ್ಬರೂ ತಲೆ ಎತ್ತಲಿಲ್ಲ. ಮೂರನೆಯ ರೊಟ್ಟಿಗೆ ಸಾಹುಕಾರರು, "ನಾಳಿ ಲಿಂಗಸೂಗೂರಿಗಿ ಹೋಗೋದದ, ಜಲ್ದಿ ಬಾ," ಎಂದರು. ಡ್ರೈವರು ರೊಟ್ಟಿ ನುಂಗಿ, "ಮೊದಲ ಪೆಟ್ರೋಲ್ ಹಾಕಿಸ್ರಿ," ಎಂದ. ಆಗ ಆ ಮುದುಕಿ ಸಹ ಸೆರಗು ಬಾಯಿಗೆ ಹಿಡಿದು ನಕ್ಕಳು.

ಸಾಹುಕಾರರನ್ನು ಮಾನ್ವಿಯಲ್ಲಿ ಇಳಿಸಿ, ಡ್ರೈವರೇ ನಮ್ಮನ್ನು ರಾಯಚೂರಿಗೆ ಬಿಡಲು ಹೊರಟ. ಅತ್ತೆ ಮುಂದಿನ ಸೀಟಿಗೆ ಏರಿದರು. "ನೀವಿಬ್ಬರು ಹಿಂದ ಕುಂದರ್ರಿ," ಎಂದು ನಮ್ಮ ಕಡೆ ತಿರುಗಿಯೂ ನೋಡದೆ ಹೇಳಿದರು. ಸ್ವಲ್ಪ ದೂರ ಹೋದ ಮೇಲೆ, ಕೈಯ ಗ್ರೀಸು ತೊಳೆದುಕೊಳ್ಳಬೇಕು ಎಂದು ಗಂಡ ಕಾಲುವೆಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿದ. ನಾನೂ ಇಳಿದು ಅವನ ಹಿಂದೆ ಮೆಟ್ಟಿಲಿಳಿದೆ. ಸಂಜೆಯ ಬಿಸಿಲಿಗೆ ನೀರು ಕೆಂಪಾಗಿ ಹರಿಯುತ್ತಿತ್ತು. ಅವನು ಕೈ ತೊಳೆದಂತೆ ಮಾಡಿ ನನ್ನ ಮೇಲೆ ಒಂದು ಬೊಗಸೆ ಎರಚಿದ. ನಾನು ಎರಡು ಎರಚಿದೆ. ಮೈಮೇಲಿನ ಸೀರೆ ಪೂರ್ತಿ ತೊಯ್ದು ಕಾಲಿಗೆ ಸುತ್ತಿಕೊಂಡಿತು. ಮೇಲೆ ರಸ್ತೆಯಲ್ಲಿ ಅತ್ತೆಯೂ ಡ್ರೈವರೂ ಈ ವರ್ಷ ಕುರಿಗೆ ಏನು ಧಾರಣೆ ಎಂಬ ಮಾತಿನಲ್ಲಿ ಮುಳುಗಿದ್ದರು. ನಮ್ಮನ್ನು ಯಾರೂ ಕರೆಯಲಿಲ್ಲ.